ಕಪ್ಪಾಗದ ಕಾಳು

ಹಿರೇಹಡಗಲಿ
೧೨-೬-೧೯೭೮

ಚಿ. ಗುರುಬಸಮ್ಮನಿಗೆ,

ಮಾಬುಸಾಬ್ ನಿನ್ನೆ ಬೆಳಿಗ್ಗೆ ಹೋದ. ಮಕ್ತುಂಬಿ ಬಾಗಿಲಲ್ಲಿ ಕೂತು ಕಣ್ಣೊರೆಸಿಕೊಂಡಳು. ಓಣಿಯವರೆಲ್ಲ ಬಂದು ನಿಂತು ನೋಡಿದರು.

ಹೆದರಬೇಡವ್ವ. ಹೋದದ್ದು ಹೊಳಲಿನ ಆಚೆಯ ಗುಡ್ಡಕ್ಕೆ, ನೀನು ಕೇಳಿದ ಕಲ್ಲು ತರಲಿಕ್ಕೆ. ಮಕ್ತುಂಬಿ ಕಣ್ಣೊರೆಸಿಕೊಂಡದ್ದು ಉಳ್ಳಾಗಡ್ಡಿ ಹೆಚ್ಚುತ್ತ. ಓಣಿಯವರು ನೋಡಿದ್ದು ನಾನು ಗಾಡಿ ಹತ್ತುವಾಗ ಜಾರಿ ಬಿದ್ದದ್ದನ್ನು. ಸಂಜೆಗೆ ತಿರುಗಿ ಬಂದೆ. ಈ ಕಾಗದ ಬರೆಯುತ್ತಿರುವವನು ಆ ಹೋದ ಮಾಬುಸಾಬನೇ.

ಇನ್ನು ಮೇಲೆ ಕಾರ್ಡು ಬರೆಯಬೇಡ, ಕವರಿನಲ್ಲಿ ಬರೆ. ನಿನ್ನ ಕಾರ್ಡನ್ನು ಟಪಾಲಿನ ಯರ್ರೆಪ್ಪ ನನಗಿಂತ ಮೊದಲೇ ಓದಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ಏ ಸಾಬಾ, ಬೆಂಗಳೂರಾಗಿನ ಹೆಣ್ಮಗಳು ನಿನಗ ಉಂಗುರ ಕೇಳ್ಯಾಳಲ್ಲೋ!" ಅಂತ ಕೂಗಿದ. ಕಲ್ಲಿನ ಉಂಗುರ ಕಣಪ್ಪಾ, ಬಳಪದ ಕಲ್ಲಿನದು ಅಂದರೆ ಯಾರು ಕೇಳುತ್ತಾರೆ? ಮನೆಗೆ ಬರುವಷ್ಟರಲ್ಲಿ ಸುದ್ದಿ ಮಕ್ತುಂಬಿಗೆ ಮುಟ್ಟಿತ್ತು. "ನನಗೊಂದು ಮೂಗುಬಟ್ಟು ಕೊಡಸಲಾರದಾಂವ, ಬೆಂಗಳೂರಿಗೆ ಉಂಗುರ ಕಳಸಾಕ ನಿಂತಾನ" ಅಂದಳು. ಮೂಗುಬಟ್ಟಿನ ಮಾತು ನಿನಗೆ ಗೊತ್ತಿಲ್ಲ. ನಿಕಾಹದಲ್ಲಿ ಬಂಗಾರ ಅಂತ ಹೇಳಿ ಹಿತ್ತಾಳೆಯದನ್ನು ಹಾಕಿದ್ದೆ. ತಮಾಷೆಗೆ. ಎಂಟು ದಿನಕ್ಕೆ ಕಪ್ಪಾಯಿತು. ಆವತ್ತಿನಿಂದ ನಾನು ಮೂಡಣ ಅಂದರೆ ಆಕೆ ಪಡುವಣಕ್ಕೆ ನೋಡುತ್ತಾಳೆ.

ನಿಮ್ಮಪ್ಪ ಕರಿಸಿದ್ದಪ್ಪನ ಅಂಗಡಿಯಲ್ಲಿ ಕೂತು ನನ್ನ ಬಳಪ ಮುರಿದು ತಿನ್ನುತ್ತಿದ್ದವಳು ನೀನು. "ಸಾಬಣ್ಣ, ನಿನ್ನ ಬಳಪ ಅರ್ಧ ಮಾರತೀನಿ, ಅರ್ಧ ಮಗಳ ಹೊಟ್ಟಿಗೆ ಹಾಕತೀನಿ" ಅನ್ನುತ್ತಿದ್ದ ಪುಣ್ಯಾತ್ಮ. ಈಗ ಪ್ರಯೋಗಶಾಲೆಯಲ್ಲಿ ವಿಜ್ಞಾನಿಯಾಗಿ ಮತ್ತೆ ಅದೇ ಕಲ್ಲು ಕೇಳಿದ್ದೀಯ. ತಿನ್ನಲಿಕ್ಕಲ್ಲ ತಾನೇ? ನಡುವೆ ಜೋಳದ ಕಾಳು ಹೋಗುವಷ್ಟು ತೂತಿಟ್ಟು ಕಡೆದಿದ್ದೇನೆ. ಒಂದು ಕರಾರು. ಒಡೆದ ಉಂಗುರಗಳನ್ನು ನನಗೆ ತಿರುಗಿ ಕಳಿಸಬೇಕು. ಒಡೆದದ್ದನ್ನು ನೋಡದೆ ನಾನು ಹೊಸದನ್ನು ಕಡೆಯುವುದಿಲ್ಲ, ಮೊದಲಿನಿಂದ ಹಾಗೆಯೇ.

ನಾನು ಅಕ್ಷರ ಕಲಿತದ್ದು ನನ್ನ ಬಳಪವನ್ನು ನಾನೇ ಗೀಚಿ ನೋಡುತ್ತ. ಅಲ್ಲಲ್ಲಿ ಒತ್ತುಗಳು ಬಿಟ್ಟುಹೋಗಿರುತ್ತವೆ. ಒತ್ತುವುದೇ ನಿನ್ನ ಕಸುಬಂತಲ್ಲ, ಬೇಕಾದ ಕಡೆ ಒತ್ತಿಕೊಂಡು ಓದು.

ಇಂತಿ, ಹೋಗಿ ಬಂದ
ಮಾಬುಸಾಬ್


ಬೆಂಗಳೂರು
೨೮-೬-೧೯೭೮

ಪೂಜ್ಯ ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮ ಮೊದಲ ಸಾಲು ಓದಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎರಡನೆಯ ಸಾಲಿಗೆ ಬರಲು ಎಷ್ಟು ಹೊತ್ತಾಯಿತೋ. ಅಪ್ಪ ತೀರಿಕೊಂಡ ಸುದ್ದಿಯೂ ನನಗೆ ಹೀಗೆ ಟಪಾಲಿನಲ್ಲೇ ಬಂದದ್ದು. ದಯವಿಟ್ಟು ಇನ್ನೊಮ್ಮೆ ಹೀಗೆ ಬರೆಯಬೇಡಿ.

ಉಂಗುರಗಳು ಚೆನ್ನಾಗಿವೆ. ತಿನ್ನಲಿಕ್ಕಲ್ಲ ತಾನೇ ಎಂದು ಕೇಳಿದ್ದಿರಿ, ಅಲ್ಲ. ಇಲ್ಲೊಂದು ದೊಡ್ಡ ಪ್ರೆಸ್ಸಿದೆ. ಎರಡು ಗಟ್ಟಿ ಲೋಹದ ಅಚ್ಚುಗಳು ಎದುರುಬದುರು. ನಡುವೆ ನಿಮ್ಮ ಉಂಗುರ, ಅದರ ತೂತಿನಲ್ಲಿ ನಾನು ತಯಾರಿಸಿದ ಒಂದು ಚಿಟಿಕೆ ಕಪ್ಪು ಪುಡಿ. ಹಾಗಿಟ್ಟು ಒತ್ತುತ್ತೇವೆ. ಭೂಮಿಯ ಒಳಗೆ ಎಷ್ಟೋ ಹರದಾರಿ ಕೆಳಗೆ ಇರುವಂಥ ಒತ್ತಡ. ಗಟ್ಟಿ ಕಲ್ಲಾದರೆ ಸಿಡಿದುಹೋಗುತ್ತದೆ. ಬಳಪದ ಕಲ್ಲು ಮೆತ್ತಗಿರುವುದರಿಂದ ಹರಡಿಕೊಂಡು, ಪುಡಿಯನ್ನು ಹೊರಗೆ ಬಿಡದೆ ಹಿಡಿದು, ಒತ್ತಡವನ್ನು ಎಲ್ಲ ಕಡೆಯಿಂದ ಸಮನಾಗಿ ಮುಟ್ಟಿಸುತ್ತದೆ. ಇಕ್ಕಟ್ಟಿಗೆ ಸಿಕ್ಕ ಪುಡಿ ಒಂದು ಹಂತದಲ್ಲಿ ತನ್ನ ಒಳಗಿನ ಹೊಂದಿಕೆಯನ್ನೇ ಬದಲಿಸಿಬಿಡುತ್ತದೆ. ಕಪ್ಪು ಹೋಗಿ ಬಂಗಾರದ ಬಣ್ಣ ಬರುತ್ತದೆ, ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಬಂಗಾರವಲ್ಲ ಕಾಕಾ, ಬಣ್ಣ ಮಾತ್ರ.

ಆದರೆ ಒತ್ತಡ ತೆಗೆದ ಕೂಡಲೇ ಅದು ಮತ್ತೆ ಕಪ್ಪು. ಇಷ್ಟನ್ನು ಬೇರೆಯವರು ಆಗಲೇ ಕಂಡಿದ್ದಾರೆ. ಪುಡಿಗೆ ಇನ್ನೊಂದನ್ನು ಬೆರೆಸಿ, ಒತ್ತಡ ತೆಗೆದ ಮೇಲೂ ಹಾಗೆಯೇ ಉಳಿಯುವಂತೆ ಮಾಡಬೇಕೆಂಬುದು ನನ್ನ ಹಟ. ಉಳಿದರೆ ಅದು ಹೊಸ ವಸ್ತು. ಪ್ರೆಸ್ಸು ನನ್ನ ಕೈಯಲ್ಲಿರುವುದು ಮಾರ್ಚಿನವರೆಗೆ. ಅಷ್ಟರಲ್ಲಿ ತೋರಿಸದಿದ್ದರೆ ಅದು ಬೇರೆಯವರಿಗೆ, ನಾನು ಮತ್ತೆ ಯಾವುದೋ ಕಾಲೇಜಿನಲ್ಲಿ ಪಾಠಕ್ಕೆ. ಇಲ್ಲಿ ಹೆಣ್ಣುಮಗಳಿಗೆ ಪ್ರೆಸ್ಸು ಕೊಟ್ಟದ್ದೇ ಹೆಚ್ಚು ಎನ್ನುವವರಿದ್ದಾರೆ.

ಒಡೆದವನ್ನು ಕಳಿಸಿದ್ದೇನೆ. ಕಾಕಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ
ಗುರುಬಸಮ್ಮ


ಹಿರೇಹಡಗಲಿ
೨೦-೮-೧೯೭೮

ಮಗಳೇ,

ಒಡೆದ ಉಂಗುರ ನೋಡಿದೆ. ಸೀಳು ಒಳಗಿನಿಂದ ಹೊರಗೆ ಹೋಗಿದೆ. ತಪ್ಪು ನನ್ನದೇ, ಕಲ್ಲಿನ ಪದರ ನೋಡದೆ ಅವಸರದಲ್ಲಿ ಕೊಯ್ದಿದ್ದೆ. ಈ ಸಲದವು ಬೇರೆ ಬಂಡೆಯವು.

ತಡವಾಯಿತು ಅಂತ ಬೈಯಬೇಡ. ಮೊದಲು ನಾನು ಕಲ್ಲು ಕೊಯ್ದರೆ ಗರಗಸದ ಆ ತುದಿ ಮಕ್ತುಂಬಿ ಹಿಡಿಯುತ್ತಿದ್ದಳು. ಈಗ ಎರಡು ಎಳೆತಕ್ಕೆ ಕೆಮ್ಮು ಬರುತ್ತದೆ, ಕೂತುಬಿಡುತ್ತಾಳೆ. ಹಡಗಲಿಯ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, "ಇಷ್ಟು ವರ್ಷ ಕಲ್ಲಿನ ಧೂಳು ಕುಡಿದಾರ್ರಿ ಇವರು" ಅಂದರು. ನಾನು, "ಡಾಕ್ಟ್ರೇ, ಹಂಗಾದ್ರ ಆಕಿ ಎದಿಯೊಳಗ ಒಂದು ಶಾಲಿಗೆ ಸಾಲೋವಷ್ಟು ಬಳಪ ಐತಿ ಬಿಡ್ರಿ" ಅಂದೆ. ಅವರು ನಗಲಿಲ್ಲ. ಮಕ್ತುಂಬಿ ನಕ್ಕಳು, ಆಮೇಲೆ ಕೆಮ್ಮಿದಳು. ಬಸ್ಸಿನಲ್ಲಿ ಬರುವಾಗ, "ಎದಿ ಮ್ಯಾಲೆ ಯಾರೋ ಕುಂತಂಗ ಆಗತೈತಿ" ಅಂದಳು. ಎದ್ದು ಕಿಟಕಿಯ ಜಾಗ ಆಕೆಗೆ ಬಿಟ್ಟುಕೊಟ್ಟೆ.

ಇರಲಿ. ನಿನ್ನ ಪುಡಿ ಉಳಿಯಲಿ.

ಇಂತಿ,
ಬಳಪದ ಮಾಬುಸಾಬ್


ಬೆಂಗಳೂರು
೯-೧೦-೧೯೭೮

ಕಾಕಾ,

ಬಹಳ ಅವಸರದಲ್ಲಿ ಬರೆಯುತ್ತಿದ್ದೇನೆ. ಕಳೆದ ವಾರ ಒತ್ತಡ ಪೂರ್ತಿ ಇಳಿಸಿದ ಮೇಲೂ ಪುಡಿಗೆ ಜೋಡಿಸಿದ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇತ್ತು. ಹಾಗೆಂದರೆ ಪುಡಿ ಕಪ್ಪಾಗಿಲ್ಲ, ಉಳಿದಿದೆ! ಉಂಗುರವೂ ಒಡೆದಿರಲಿಲ್ಲ. ನಮ್ಮ ಸಾಹೇಬರ ಎದುರಿಗೇ ಅದನ್ನು ಬಿಚ್ಚಬೇಕೆಂದು ಹಾಗೆಯೇ ಇಟ್ಟೆ. ಅವರು ಊರಿನಲ್ಲಿರಲಿಲ್ಲ.

ಇವತ್ತು ಬಂದರು. ಹುಡುಕಿದರೆ ಇಲ್ಲ. ಅದನ್ನು ಎತ್ತಿಟ್ಟ ದಿನದ ಸಂಜೆಯೇ ನಾನು ನಿಮಗೆ ಒಡೆದ ಉಂಗುರಗಳ ಪೆಟ್ಟಿಗೆ ಕಟ್ಟಿದ್ದೆ. ಖುಷಿಯಲ್ಲಿ ಕೈಗಳು ಏನು ಮಾಡಿದವೋ ಗೊತ್ತಿಲ್ಲ. ಅದು ಆ ಪೆಟ್ಟಿಗೆಯಲ್ಲೇ ಬಂದಿರಬೇಕು. ಸಾಹೇಬರು, "ತಂತಿ ಎಲ್ಲೋ ತಗುಲಿ ತಪ್ಪು ತೋರಿಸಿರುತ್ತದೆ, ಕಣ್ಣಿಗೆ ಕಾಣುವಂಥದ್ದು ತಂದು ತೋರಿಸಿ" ಎಂದರು.

ಪೆಟ್ಟಿಗೆಯಲ್ಲಿ ಒಡೆಯದ ಉಂಗುರವಿದ್ದರೆ ಮುಟ್ಟಬೇಡಿ, ಹಾಗೆಯೇ ಕಳಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಗುರುಬಸಮ್ಮ


ಹಿರೇಹಡಗಲಿ
೨೩-೧೦-೧೯೭೮

ಮಗಳೇ,

ನಿನ್ನ ಉಂಗುರವನ್ನು ನಮ್ಮ ಹುಂಜ ನುಂಗಿತು. ಹುಂಜವನ್ನು ಪಕ್ಕದ ಮನೆಯ ನಾಗಪ್ಪನ ನಾಯಿ ಹಿಡಿಯಿತು. ನಾಯಿ ಕೊಟ್ಟೂರಿನ ಕಡೆಗೆ ಓಡಿಹೋಯಿತು. ಅದಕ್ಕೆ ಕಾಗದ ಬರೆದಿದ್ದೇನೆ. ಉತ್ತರ ಬಂದ ಕೂಡಲೇ ತಿಳಿಸುತ್ತೇನೆ.

ನಿನ್ನ ಪೆಟ್ಟಿಗೆಯಲ್ಲಿ ಒಡೆದವೇ ಇದ್ದವು.

ಮಾಬುಸಾಬ್


ಬೆಂಗಳೂರು
೧-೧೧-೧೯೭೮

ಶ್ರೀ ಮಾಬುಸಾಬ್ ಅವರಿಗೆ,

ಶನಿವಾರ ಹಗರಿಬೊಮ್ಮನಹಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದೇನೆ. ಪೆಟ್ಟಿಗೆಯನ್ನು ನಾನೇ ನೋಡುತ್ತೇನೆ.

ಗುರುಬಸಮ್ಮ


ಬೆಂಗಳೂರು
೧೪-೧೧-೧೯೭೮

ಕಾಕಾ,

ನಿಮ್ಮ ಮನೆಯಲ್ಲಿ ನಾನು ಏನನ್ನೂ ಕೇಳದೆ ಬಂದೆ. ಈಗ ಬರೆದುಬಿಡುತ್ತೇನೆ.

ಒಳಗೆ ಬಂದಾಗ ಕಾಕಿ ಗೋಡೆಗೆ ಒರಗಿ ಕೂತಿದ್ದರು. ಎಷ್ಟು ಇಳಿದುಹೋಗಿದ್ದಾರೆ. ನನ್ನನ್ನು ಕಂಡ ಕೂಡಲೇ ಮುಖ ಬೆಳಕಿನ ಕಡೆ ತಿರುಗಿಸಿ, "ನೋಡವಾ ಕರಿಸಿದ್ದಪ್ಪನ ಮಗಳಾ, ನಿಮ್ಮ ಕಾಕಾ ಕೊನೀಗೂ ಬಂಗಾರ ಕೊಡಿಸ್ಯಾನ" ಎಂದರು. ಮೂಗಿನ ಮೇಲೆ ಅದಿತ್ತು. ಅರ್ಧ ಜೋಳದ ಕಾಳಿನಷ್ಟು. ಕಾಕಾ, ನಾನು ಮಾಡಿದ ವಸ್ತುವನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಇಷ್ಟು ಹೊಳೆಯುತ್ತದೆ ಎಂದುಕೊಂಡಿರಲಿಲ್ಲ.

"ಎಂಟು ದಿನ ನೋಡಿದೆ. ಹದಿನೈದು ದಿನ ನೋಡಿದೆ. ಕರ್ರಗಾಗವಲ್ದು. ಖರೇ ಬಂಗಾರನ ಐತಿ ಹೌದಿಲ್ಲೋ?" ಎಂದು ನನ್ನನ್ನೇ ಕೇಳಿದರು. ನೀವು ಬಾಗಿಲಿನಲ್ಲಿ ನಿಂತು ನೆಲ ನೋಡುತ್ತಿದ್ದಿರಿ. ನಾನು "ಹೌದು ಕಾಕಿ, ಖರೇ" ಎಂದೆ. ನಿಮ್ಮ ಸುಳ್ಳಿಗೆ ನಾನೂ ಸಹಿ ಹಾಕಿದಂತಾಯಿತು.

ಅದು ಕಾಕಿ ಇರುವವರೆಗೆ ಅವರದೇ. ನಿಮ್ಮಲ್ಲಿ ಕೊನೆಗೆ ಒಡವೆಯನ್ನೆಲ್ಲ ತೆಗೆದುಬಿಡುತ್ತಾರೆಂದು ಕೇಳಿದ್ದೇನೆ. ಆಮೇಲೆ ಕಳಿಸಿ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಕಳಿಸುತ್ತೇನೆ ಎಂದು ಮಾತು ಕೊಡಿ. ತಮಾಷೆಯ ಮಾತಲ್ಲ.

ನಿಮ್ಮ
ಬಸಮ್ಮ


ಹಿರೇಹಡಗಲಿ
೨-೧೨-೧೯೭೮

ಬಸವ್ವ,

ಮಾತು ಕೊಟ್ಟಿದ್ದೇನೆ. ನಿಮ್ಮಪ್ಪನ ಆಣೆ.

ನಡೆದದ್ದು ಹೇಳುತ್ತೇನೆ. ಪೆಟ್ಟಿಗೆ ಬಂದ ದಿನ ಇಬ್ಬರೂ ಅಂಗಳದಲ್ಲಿ ಕೂತು ಉಂಗುರ ಒಂದೊಂದೇ ತಟ್ಟಿ ನೋಡುತ್ತಿದ್ದೆವು. ಒಂದು ಮಾತ್ರ ಇಡಿಯಾಗಿತ್ತು. ಒಡೆಯದ್ದನ್ನು ಯಾಕೆ ಕಳಿಸಿದಳು ಅಂತ ಉಳಿಯಿಂದ ಸೀಳಿದೆ. ಕಾಳು ಮಕ್ತುಂಬಿಯ ಮಡಿಲಿಗೇ ಬಿತ್ತು. ಅದು ನಿನ್ನದು ಅಂತ ನನಗೆ ಆಗಲೇ ಗೊತ್ತಾಯಿತು, ನೀನು ಎಲ್ಲ ಬರೆದಿದ್ದೆಯಲ್ಲ. ಆಕೆ ಅದನ್ನು ಬೆರಳ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು.

"ಇದೂ ನಿಮ್ಮ ಆಟಾನ ಏನ್ರಿ?"

"ಇಲ್ಲ. ನಿನಗಂತ ತರಿಸಿ ಇದರಾಗ ಬಚ್ಚಿಟ್ಟಿದ್ದೆ."

ಆಕೆ ನಂಬಿದಳು ಬಸವ್ವ. ಎದ್ದು ಹೋಗಿ ಆ ಹಳೆಯ ಹಿತ್ತಾಳೆಯ ಮೂಗುಬಟ್ಟನ್ನು ತಂದುಕೊಟ್ಟಳು. ಬಿಸಾಕಿರಲಿಲ್ಲ, ಇಟ್ಟುಕೊಂಡಿದ್ದಳು. ಅದರ ಮೇಲೆ ಅರಗು ಹಾಕಿ ಕಾಳು ಕೂರಿಸಿದೆ. ಆಮೇಲೆ ನಿನ್ನ ಕಾಗದ ಬಂತು. ಮೂಗಿನಿಂದ ಹೇಗೆ ಕೀಳಲಿ?

ಈಗ ಆಕೆ ಮಲಗಿದಲ್ಲೇ. ನಮ್ಮ ಓಣಿಯ ಖಾಸಿಂ ಬೀ ಬಂದು ಗಂಜಿ ಕುಡಿಸುತ್ತಾಳೆ. ದಿನಾ ಬೆಳಿಗ್ಗೆ ಕನ್ನಡಿ ಕೇಳುತ್ತಾಳೆ. ನೋಡಿ, "ಇವತ್ತೂ ಆಗಿಲ್ಲ" ಅನ್ನುತ್ತಾಳೆ. ಓಣಿಯಲ್ಲಿ ನಾನು ಬಂಗಾರ ಕೊಡಿಸಿದೆ ಅಂತ ಸುದ್ದಿಯಾಗಿ, ಮಸೀದಿಯ ಬಾಗಿಲಲ್ಲಿ ಮಹಬೂಬ್, "ಏನ್ ಚಾಚಾ, ಬಳಪದಾಗ ಬಂಗಾರ ಬೆಳೀತೇನು?" ಅಂದ. ಬೆಳೀತಪ್ಪಾ ಅಂದೆ. ಖರೆ ಹೇಳಿದರೂ ನಕ್ಕರು.

ಮಾಬುಸಾಬ್


ಬೆಂಗಳೂರು
೧೧-೨-೧೯೭೯

ಪೂಜ್ಯ ಕಾಕಾ ಅವರಿಗೆ,

ಮತ್ತೆ ಮತ್ತೆ ಮಾಡಿ ನೋಡಿದೆ. ಅದೇ ಪುಡಿ, ಅದೇ ಅಳತೆ, ನಿಮ್ಮ ಅದೇ ಬಂಡೆಯ ಉಂಗುರ. ಒತ್ತಡದಲ್ಲಿ ಹೊಳೆಯುವುದು, ಇಳಿಸಿದರೆ ಕಪ್ಪು. ಆ ದಿನ ಏನು ಕೂಡಿಬಂದಿತ್ತೋ ನನಗೆ ತಿಳಿಯದು. ಕಾಳನ್ನು ಕೊಯ್ದು ನೋಡಿದ್ದರೆ ತಿಳಿಯುತ್ತಿತ್ತು. ಮಾರ್ಚ್ ಕೊನೆಯ ವಾರ ನನ್ನ ಕೆಲಸದ ಬಗ್ಗೆ ಸಭೆ ಇದೆ.

ಕಾಕಿ ಹೇಗಿದ್ದಾರೆ ಎಂದು ಕೇಳಲು ಪೆನ್ನು ಎತ್ತುತ್ತೇನೆ, ಇಡುತ್ತೇನೆ. ಕೇಳಿದರೆ ಬೇರೆ ಏನನ್ನೋ ಕೇಳಿದಂತಾಗುತ್ತದೆ. ಆದ್ದರಿಂದ ಕೇಳುತ್ತಿಲ್ಲ. ಅವರು ಚೆನ್ನಾಗಿರಲಿ. ಇದನ್ನಂತೂ ಮನಸ್ಸಿನಿಂದ ಬರೆದಿದ್ದೇನೆ, ನಂಬಿ.

ನಿಮ್ಮ
ಬಸಮ್ಮ


ಹಿರೇಹಡಗಲಿ
೧೯-೩-೧೯೭೯

ಮಗಳೇ ಬಸವ್ವ,

ಮಕ್ತುಂಬಿ ಶುಕ್ರವಾರ ತೀರಿಕೊಂಡಳು. ನೀನು ನಂಬಬೇಕಲ್ಲ, ಅದಕ್ಕೆ ಯರ್ರೆಪ್ಪನಿಂದ ಈ ಕಾಗದದ ಅಂಚಿನಲ್ಲಿ "ಇದು ಖರೆ" ಅಂತ ಬರೆಸಿ ಸಹಿ ಹಾಕಿಸಿದ್ದೇನೆ. ಅವನು ಬರೆಯುವಾಗ ಅತ್ತ. ಮಸಿ ಹರಡಿದ್ದು ಅದಕ್ಕೆ.

ಬೆಳಿಗ್ಗೆ ಎಂದಿನಂತೆ ಕನ್ನಡಿ ಕೇಳಿದಳು. ಹಿಡಿದೆ. ನೋಡಿದಳೋ ಇಲ್ಲವೋ. "ನಾನು ಸುಮ್ಮಸುಮ್ಮನ ಇಷ್ಟು ವರ್ಷ ನಿಮ್ಮನ್ನ ಬೈದೆ ನೋಡ್ರಿ" ಅಂದಳು. ಆಮೇಲೆ ಮಾತಿಲ್ಲ. ಇಷ್ಟು ವರ್ಷ ಆಕೆ ಬೈದದ್ದೆಲ್ಲ ಸರಿಯಾಗಿಯೇ ಇತ್ತು. ತಪ್ಪಿದ್ದು ಈ ಒಂದು ಸಲ.

ಹೆಂಗಸರು ಮೈ ತೊಳೆದರು. ಗಂಡ ಮುಟ್ಟುವ ಹಾಗಿಲ್ಲ ಅನ್ನುತ್ತಾರೆ ನಮ್ಮ ಓಣಿಯ ಹಿರಿಯರು, ನಾನು ಹೊರಗೆ ನಿಂತಿದ್ದೆ. ಖಾಸಿಂ ಬೀ ಬಂದು ಮೂಗುಬಟ್ಟನ್ನು ನನ್ನ ಕೈಯಲ್ಲಿಟ್ಟು, "ಜ್ವಾಕಿ ಭಾಯಿ, ಬಂಗಾರ" ಅಂದಳು. ಅರಗು ಬಿಟ್ಟು ಕಾಳು ಬೇರೆಯಾಗಿತ್ತು. ನಿನ್ನ ವಿಳಾಸ ಬರೆದ ಕವರು ತಿಂಗಳಿನಿಂದ ನನ್ನ ಜೇಬಿನಲ್ಲೇ ಇತ್ತು, ಸ್ಟಾಂಪು ಹಚ್ಚಿದ್ದೆ. ಕಾಳನ್ನು ಕವರಿಗೆ ಹಾಕಿದೆ. ಇದನ್ನು ನೀನು ನಂಬಬೇಕು, ಹಾಕಿದ್ದೆ.

ಅದು ಕೊನೆಯವರೆಗೂ ಕಪ್ಪಾಗಲಿಲ್ಲ. ಚಳಿಗಾಲ ಕಳೆಯಿತು, ಜ್ವರದ ಬೆವರು ಹರಿಯಿತು, ಗಂಜಿಯ ಹಬೆ ಬಡಿಯಿತು, ಬಣ್ಣ ಒಂದಿಷ್ಟೂ ಇಳಿಯಲಿಲ್ಲ. ನಿಮ್ಮ ಸಾಹೇಬರ ಸಭೆಗೆ ಬಂದು ಇದನ್ನು ಹೇಳು ಅಂದರೆ ಬರುತ್ತೇನೆ. ನಿನ್ನ ವಸ್ತು ಉಳಿಯಿತು, ನೀನು ಗೆದ್ದೆ. ಆದರೆ ಅದಕ್ಕೆ ಸಾಕ್ಷಿ ಯಾರು ನೋಡು. ಒಬ್ಬಾಕೆ ಮಣ್ಣಿನಲ್ಲಿ. ಇನ್ನೊಬ್ಬ ಸುಳ್ಳುಗಾರ ಅಂತ ಹಡಗಲಿಯಿಂದ ಹರಪನಹಳ್ಳಿಯವರೆಗೆ ಎಲ್ಲರಿಗೂ ಗೊತ್ತು. ಅವನ ಮಾತಿಗೆ ನಿಮ್ಮ ಸಾಹೇಬರು ನಗುತ್ತಾರೆ, ನನ್ನ ಜೀವಮಾನವೆಲ್ಲ ನಾನು ಬಯಸಿದ್ದೂ ಅದನ್ನೇ.

ಕವರು ನಿನಗೆ ಬಂದಿಲ್ಲ. ಟಪಾಲಿನಲ್ಲಿ ಕಳೆದುಹೋಯಿತು ಅಂತ ಬರೆಯಬಹುದು, ಯರ್ರೆಪ್ಪನ ಮೇಲೆ ಹಾಕಬಹುದು. ಆ ಕಾಗದ ಬರೆದೆ, ಹರಿದೆ. ಗೋರಿಯ ಹತ್ತಿರ ಕೈ ನಡುಗಿ ಜಾರಿತು ಅಂತ ಇನ್ನೊಂದು ಬರೆದೆ. ಅದು ಚೆನ್ನಾಗಿತ್ತು, ನನಗೇ ಅಳು ಬಂತು. ಅದನ್ನೂ ಹರಿದೆ.

ನಮ್ಮಲ್ಲಿ ಮಣ್ಣು ಮಾಡುವಾಗ ಬಂದವರು ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕುತ್ತಾರೆ. ಎಲ್ಲರೂ ಸರಿದು ನನಗೆ ದಾರಿ ಬಿಟ್ಟರು. ಮೊದಲನೆಯ ಹಿಡಿ ಹಾಕಿದೆ. ಬರಿಯ ಮಣ್ಣು. ಆಮೇಲೆ ಜೇಬಿಗೆ ಕೈ ಹಾಕಿದೆ. ಯಾರೂ ನೋಡಲಿಲ್ಲ, ಇಂಥ ಕೈಚಳಕ ನನಗೆ ಹೊಸದಲ್ಲ. ನಿನಗೆ ಕೊಟ್ಟ ಮಾತು ನೆನಪಿತ್ತು, ನಿಮ್ಮಪ್ಪನ ಆಣೆ ನೆನಪಿತ್ತು, ಮಾರ್ಚಿನ ಸಭೆಯೂ ನೆನಪಿತ್ತು. ಎರಡನೆಯ ಹಿಡಿ ಮಣ್ಣಿನಲ್ಲಿ ನಿನ್ನ ಕಾಳಿತ್ತು. ಜಾರಲಿಲ್ಲ ಬಸವ್ವ. ನಾನೇ ಬಿಟ್ಟೆ.

ಮಾಬುಸಾಬ್